ಅತ್ತಿಗೆಯ ಕೈ ನೋಡುತ್ತಾ

ನಮ್ಮ ಮನೆ ಪೆರಿಕಲ್ಲೂರಿನ ಕಡವಿನ ಹತ್ತಿರ. ಕಡವು ಅಂದರೆ ದೋಣಿ ಕಟ್ಟುವ ಜಾಗ. ದೋಣಿಗೆ ನಾವು ತೋಣಿ ಅನ್ನುತ್ತೇವೆ. ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಇಳಿದು ಹೋದರೆ ಕಬಿನಿ, ಅದರಾಚೆ ಕರ್ನಾಟಕ. ನಮ್ಮ ಹಿರಿಯರು ಆ ಕಡೆಯಿಂದಲೇ ಬಂದು ಇಲ್ಲಿ ಗದ್ದೆ ಮಾಡಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಹೊಳೆಯ ಮೇಲೆ ಎರಡೂ.

ಹೊಳೆ ದಾಟಬೇಕಾದವರು ಆಚೆ ದಡದಲ್ಲಿ ನಿಂತು ಕೈ ಎತ್ತುತ್ತಾರೆ. ತೋಣಿಯವನು ನೋಡದಿದ್ದರೆ ಟವೆಲ್ ಬೀಸುತ್ತಾರೆ, ಕೊಡೆ ಎತ್ತುತ್ತಾರೆ. ಮಂಜಿನ ಬೆಳಗಿನಲ್ಲಿ ಕೆಲವೊಮ್ಮೆ ಮನುಷ್ಯ ಕಾಣುವುದಿಲ್ಲ, ಅಲ್ಲಾಡುವ ಬಿಳಿ ಬಟ್ಟೆಯಷ್ಟೇ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು. ತೋಣಿ ತಾ ಅನ್ನುವುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥವೇ ಇಲ್ಲ. ಆದರೆ ನನಗೆ ಇಪ್ಪತ್ತು ದಾಟಿದ ಮೇಲೆ, ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಆ ಕೈಗಳು ಬೇರೇನನ್ನೋ ಹೇಳತೊಡಗಿದವು.

ಆಗ ನಾನು ಪುಲ್ಪಳ್ಳಿಯ ಒಂದು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಶುರುವಾದದ್ದು ಅಲ್ಲೇ. ನನ್ನ ಪಕ್ಕದಲ್ಲಿ ಕೂರುವ ಹೆಂಗಸು ಹೊಲಿದ ಬಟ್ಟೆ ಮಡಚುವಾಗ ಅಂಚಿಗೆ ಅಂಚು ಕೂಡಿಸಿ, ಕೊನೆಗೆ ಅಂಗೈಯಿಂದ ಒಮ್ಮೆ ಸವರುತ್ತಿದ್ದಳು. ಒಂದು ದಿನ ಆ ಸವರುವುದು ನನಗೆಂದೇ ಅನ್ನಿಸಿತು. ಬಾಯಿ ಮುಚ್ಚಿಕೊಂಡಿರು ಅಂತ ಹೇಳುತ್ತಿದ್ದಾಳೆ. ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಗಂಟೆಯ ಹಗ್ಗ ಎಳೆದಾಗ ಅದೂ ನನಗೇ. ಚಹಾ ಅಂಗಡಿಯವನು ಲೋಟ ಮಗುಚಿಟ್ಟರೆ ಅದೂ ನನಗೇ.

ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಹೆದರಿಕೆಯಲ್ಲ, ಒಂದು ಬೆಳಕು. ಕಾಫಿ ಎಲೆ, ಅಂಗಡಿಯ ಶಟರ್, ಜನರ ಉಗುರು, ಎಲ್ಲದರ ಅಂಚೂ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಯಾರೋ ಇಡೀ ಊರನ್ನು ನನಗೋಸ್ಕರ ಕಟ್ಟಿ, ಪ್ರತಿಯೊಬ್ಬರಿಗೂ ಅವರವರು ಮಾಡಬೇಕಾದ್ದನ್ನು ಹೇಳಿಕೊಟ್ಟು ಬಿಟ್ಟಿದ್ದಾರೆ ಅನ್ನಿಸುತ್ತಿತ್ತು. ಕನಸಿನಲ್ಲಿ ಎಲ್ಲವೂ ಗೊತ್ತಿರುತ್ತದಲ್ಲ, ಯಾರೂ ಹೇಳದೆ, ಹಾಗೆ ನನಗೆ ಎಲ್ಲವೂ ಗೊತ್ತಿತ್ತು. ಹೆದರಿಕೆ ಬಂದದ್ದು ಆಮೇಲೆ, ಕೈಗಳ ಜೊತೆ ದನಿಗಳೂ ಸೇರಿಕೊಂಡಾಗ.

ಒಂದು ಬೆಳಗ್ಗೆ ಆಚೆ ದಡದಲ್ಲಿ ಯಾರೋ ಟವೆಲ್ ಬೀಸಿದರು. ಕರೆಯುತ್ತಿರುವುದು ನನ್ನನ್ನೇ ಅಂತ ಗೊತ್ತಾಯಿತು. ಚಪ್ಪಲಿ ಬಿಟ್ಟು ನೀರಿಗಿಳಿದೆ. ನೀರು ತಣ್ಣಗಿತ್ತೋ ಇಲ್ಲವೋ ನೆನಪಿಲ್ಲ. ಮಂಜು ನನ್ನ ಸುತ್ತ ಎರಡಾಗಿ ಸರಿದು ದಾರಿ ಬಿಡುತ್ತಿದ್ದದ್ದು ನೆನಪಿದೆ. ಎದೆಮಟ್ಟ ಬರುವಷ್ಟರಲ್ಲಿ ತೋಣಿಯ ಮೂತಿ ನನ್ನ ಭುಜಕ್ಕೆ ತಾಗಿತು. ತೋಣಿಯವನು ಕಾಡಿನೊಳಗಿನ ಆದಿವಾಸಿ ಹಾಡಿಯವನು, ವಯಸ್ಸಾದವನು. ಬಾಗಿ ನನ್ನ ರಟ್ಟೆ ಹಿಡಿದುಕೊಂಡ.

“ಮಗಳೇ, ತೋಣಿ ಇಲ್ಲೇ ಅದೆ. ನೀರಲ್ಲಿ ಯಾಕೆ ನಡೀತೀಯೆ?”

“ಅವರು ಕರೆದರು,” ಅಂದೆ.

“ಅವರು ಕರೆದದ್ದು ನನ್ನ. ನೀನು ಹತ್ತು.”

ಹತ್ತಿದೆ. ಅವನು ಆಚೆಗೆ ಹೋಗಲಿಲ್ಲ. ಟವೆಲ್ ಬೀಸುತ್ತಿದ್ದವರನ್ನು ಅಲ್ಲೇ ಬಿಟ್ಟು ನನ್ನನ್ನು ಈ ದಡಕ್ಕೆ ತಂದು, ನೀರು ಸೋರುತ್ತಿದ್ದ ಹಾಗೇ ಮನೆಯವರೆಗೆ ನಡೆಸಿಕೊಂಡು ಬಂದು, ಅಮ್ಮನ ಕೈಗೆ ಕೊಟ್ಟ. ಯಾರನ್ನೂ ಏನೂ ಕೇಳಲಿಲ್ಲ. ಅಣ್ಣ ಜೀಪು ಕರೆಸಿದ.

ಘಾಟಿಯ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಕಾಯಿಲೆಗೆ ಸ್ಕಿಜೋಫ್ರೀನಿಯಾ ಅನ್ನುವ ಹೆಸರು ಕೊಟ್ಟರು. ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ದನಿಗಳು ಪಕ್ಕದ ಮನೆಯ ರೇಡಿಯೋದಷ್ಟು ದೂರವಾದವು, ಆಮೇಲೆ ನಿಂತೇ ಹೋದವು. ಎಲ್ಲರೂ ಗುಣವಾಯಿತು ಅಂದರು. ನನಗೂ ಹಾಗೇ ಅನ್ನಿಸಿತು. ಆದರೆ ಕೈಗಳು ಕೂಡ ಮಾತು ನಿಲ್ಲಿಸಿದ್ದವು, ಮತ್ತು ಅದು ಬೇಕಾದ್ದಕ್ಕಿಂತ ಜಾಸ್ತಿಯೇ ಆಗಿತ್ತು. ಮೊದಲು ಪ್ರತಿಯೊಂದು ಕೈಯೂ ನನಗೆ ಏನೋ ಹೇಳುತ್ತಿತ್ತು. ಈಗ ಯಾವ ಕೈಯೂ ಏನೂ ಹೇಳುವುದಿಲ್ಲ. ಬಂದವರು ಖಾಲಿ ಲೋಟ ಮುಂದೆ ಚಾಚಿದರೆ, ಅದನ್ನು ತೆಗೆದುಕೊಳ್ಳಬೇಕು ಅಂತ ನನಗೆ ಹೊಳೆಯುತ್ತಿರಲಿಲ್ಲ. ಲೋಟ ನೋಡುತ್ತಾ ನಿಲ್ಲುತ್ತಿದ್ದೆ. ಒಮ್ಮೆ ಪಕ್ಕದ ಮನೆಯಾಕೆ ಸೆರಗು ಕೊಡವಿ “ಹೊತ್ತಾಯಿತಲ್ಲ” ಅಂದರು. ನಾನು ಗಡಿಯಾರ ನೋಡಿ ಗಂಟೆ ಎಷ್ಟು ಅಂತ ಹೇಳಿದೆ. ಆಕೆ ನಕ್ಕರು. ಯಾಕೆ ನಕ್ಕರು ಅಂತ ಸಂಜೆಯವರೆಗೂ ಯೋಚಿಸಿದೆ.

ಅತ್ತಿಗೆ ನಮ್ಮ ಮನೆಗೆ ಬಂದದ್ದು ಆ ವರ್ಷವೇ. ಹೊಳೆಯಾಚೆ ಕೋಟೆ ತಾಲ್ಲೂಕಿನ ಹಳ್ಳಿಯವರು. ಮದುವೆಗೆ ಮೊದಲೇ ಅಣ್ಣ ನನ್ನ ವಿಷಯ ಹೇಳಿದ್ದನಂತೆ. ಬಂದ ಹೊಸದರಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಾ, ನನ್ನನ್ನು ನೇರವಾಗಿ ಕೇಳಿದರು.

“ಕೂಸೇ, ನಾನು ಏನಾದ್ರೂ ಹೇಳಿದ್ರೆ ನಿಂಗೆ ಹೆಂಗೆ ಹೇಳ್ಬೇಕು?”

ಅಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. “ಇದ್ದದ್ದನ್ನು ಇದ್ದ ಹಾಗೆ ಹೇಳಿ,” ಅಂದೆ.

“ಸರಿ. ಹಂಗಾದ್ರೆ ಆ ಚಾಕು ಕೊಡು. ನಾನು ಆಗ್ಲಿಂದ ಕೈ ಚಾಚ್ಕಂಡು ಕೂತಿದ್ದೀನಿ.”

ನೋಡಿದರೆ ಹೌದು, ಅವರ ಬಲಗೈ ನನ್ನ ಕಡೆಗೇ ಚಾಚಿತ್ತು. ಇಬ್ಬರೂ ನಕ್ಕೆವು. ಈ ಸಲ ಯಾಕೆ ನಕ್ಕದ್ದು ಅಂತ ನನಗೆ ಗೊತ್ತಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಜೊತೆಗೆ ಬಂದವರು ಅತ್ತಿಗೆಯೇ. ಘಾಟಿಯ ತಿರುವುಗಳಲ್ಲಿ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅಲ್ಲಿ ಡಾಕ್ಟರು, ಮಿದುಳಿನ ಒಂದು ಪರೀಕ್ಷೆಗೆ ಒಪ್ಪಿಕೊಳ್ಳುತ್ತೀಯಾ, ಚಿಕಿತ್ಸೆಗಲ್ಲ, ತಿಳಿದುಕೊಳ್ಳುವುದಕ್ಕೆ, ಅಂತ ಕೇಳಿದರು. ಬೇಡ ಅಂದರೂ ತೊಂದರೆಯಿಲ್ಲ ಅಂದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ಆಗಲಿ ಅಂದೆ.

ಪರೀಕ್ಷೆ ಮಾಡಿದವಳು ನನ್ನದೇ ವಯಸ್ಸಿನ ಹುಡುಗಿ. ಅವಳು ಆಡಿದ್ದೆಲ್ಲ ಮಲಯಾಳದಲ್ಲಿ. ನನ್ನ ನೆನಪಿನಲ್ಲಿ ಯಾಕೋ ಅದೆಲ್ಲ ಕನ್ನಡದಲ್ಲೇ ಉಳಿದಿದೆ, ಅಕ್ಕ ಅನ್ನುವುದಕ್ಕೆ ಅವಳು ಅನ್ನುತ್ತಿದ್ದ ಚೇಚಿ ಒಂದನ್ನು ಬಿಟ್ಟು. ನನ್ನ ತಲೆಗೆ ತಂತಿಗಳಿದ್ದ ಒಂದು ಟೋಪಿ ಹಾಕಿದಳು. ಕೂದಲ ಸಂದಿಗಳಲ್ಲಿ ತಣ್ಣನೆಯ ಜೆಲ್ ತುಂಬಿದಳು. ಕೋಣೆ ಮಬ್ಬಾಗಿತ್ತು, ಎಸಿಯ ಸದ್ದು ದೂರದ ಮಳೆಯ ಹಾಗಿತ್ತು. ಎದುರಿಗೆ ಪರದೆ. ಮೊದಲು ಬರೀ ಬೂದು ಬಣ್ಣದ ಚುಕ್ಕಿಗಳು. ಆಮೇಲೆ ಒಂದು ಕೈ. ಯಾರದ್ದೋ ಕೈ, ಮುಖವಿಲ್ಲ. ಅದು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಮತ್ತೆ ಅದೇ ಕೈ ಲೋಟವೊಂದನ್ನು ಎತ್ತಿತು.

ನಾನು ಆ ಕೈಯನ್ನೇ ನೋಡುತ್ತಾ ಇದ್ದೆ. ಅದು ನನಗೆ ಏನೂ ಹೇಳಲಿಲ್ಲ. ಹೇಳದೇ ಇರುವುದು ಎಷ್ಟು ಹಿತವಾಗಿತ್ತು ಅಂದರೆ, ನಿದ್ದೆ ಬಂದ ಹಾಗಾಯಿತು.

ಕೊನೆಯಲ್ಲಿ ಕೆಲವರು ಚೆಂಡು ಎಸೆದು ಹಿಡಿಯುವ ಆಟ ಬಂತು. ಒಬ್ಬರಿಂದ ಒಬ್ಬರಿಗೆ ಚೆಂಡು ನಿಧಾನವಾಗಿ ಹೋಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಒಬ್ಬಳು ಪರದೆಯಿಂದ ನನ್ನ ಕಡೆ ತಿರುಗಿ ಚೆಂಡನ್ನು ನನಗೆ ಎಸೆದಳು. ನಾನು ಎರಡೂ ಕೈ ಎತ್ತಿ ಹಿಡಿಯಲು ಹೋದೆ. ತಂತಿಗಳು ಎಳೆದುಕೊಂಡವು, ಹಿಂದೆ ಯಂತ್ರ ಕೀಚ್ ಅಂತು.

ಹುಡುಗಿ ಓಡಿ ಬಂದಳು. “ಅಯ್ಯೋ, ಅಲ್ಲಾಡಬಾರದು ಅಂತ ಹೇಳಿದ್ದೆನಲ್ಲ ಚೇಚಿ!”

“ಅವಳು ನನಗೇ ಎಸೆದಳು,” ಅಂದೆ. ಹೇಳಿದ ಮೇಲೆ ನೆನಪಾಯಿತು. ಅಂಥದೇ ಮಾತನ್ನು ಹೊಳೆಯಲ್ಲಿ ನಿಂತು ಆಡಿದ್ದೆನಲ್ಲ. ಕಾಯಿಲೆ ಮತ್ತೆ ಬಂತು ಅಂತ ಬರೆದುಕೊಳ್ಳುತ್ತಾಳೆ ಅಂದುಕೊಂಡೆ.

ಅವಳು ನಕ್ಕಳು. “ಹೌದು, ನಿಮಗೇ ಎಸೆದದ್ದು. ನೋಡುವವರಿಗೆ ಹಾಗನ್ನಿಸಲಿ ಅಂತಲೇ ಹಾಗೆ ತೆಗೆದಿದ್ದಾರೆ.”

ಟೋಪಿ ಬಿಚ್ಚುವಾಗ ಅವಳನ್ನು ಕೇಳಿದೆ, ಇದರಲ್ಲಿ ನೀವು ಏನು ಹುಡುಕುತ್ತೀರಿ ಅಂತ. ಅವಳು ತಾಳ್ಮೆಯಿಂದ ಹೇಳಿದಳು. ಸುಮ್ಮನೆ ಕೂತಾಗ ಮಿದುಳಿನಲ್ಲಿ ಒಂದು ಅಲೆ ಏಳುತ್ತಾ ಇರುತ್ತದಂತೆ. ಕೈ ಆಡಿಸಿದರೆ ಅದು ತಗ್ಗುತ್ತದೆ. ಬೇರೆಯವರ ಕೈ ಆಡುವುದನ್ನು ನೋಡಿದರೂ ತಗ್ಗುತ್ತದೆ, ನಮ್ಮದೇ ಕೈ ಒಳಗೊಳಗೇ ಅದನ್ನು ಮಾಡಿ ನೋಡಿದ ಹಾಗೆ. ಈ ಕಾಯಿಲೆ ಇದ್ದವರಲ್ಲಿ ಅದು ಹೇಗೆ ನಡೆಯುತ್ತದೆ, ಜನರ ಮನಸ್ಸು ತಿಳಿಯುವುದು ಕಷ್ಟವಾಗುವುದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯೇ ಅನ್ನುವುದು ಅವರ ಪ್ರಶ್ನೆ.

“ಇದೆಯಾ?”

“ಕೆಲವರು ಇದೆ ಅಂತಾರೆ, ಕೆಲವರು ಇಲ್ಲ ಅಂತಾರೆ. ನಮಗೂ ಇನ್ನೂ ಗೊತ್ತಿಲ್ಲ ಚೇಚಿ. ಕೈ ಏನು ಮಾಡ್ತಿದೆ ಅಂತ ಕಾಣೋದು ಬೇರೆ, ಯಾಕೆ ಮಾಡ್ತಿದೆ ಅಂತ ತಿಳಿಯೋದು ಬೇರೆ.”

ಹಿಂದಿರುಗುವ ಬಸ್ಸಿನಲ್ಲಿ ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಕೂದಲಲ್ಲಿ ಜೆಲ್ ಒಣಗಿ ಪುಡಿಯಾಗಿ ಉದುರುತ್ತಿತ್ತು. ಕಿಟಕಿಯಾಚೆ ಕಣಿವೆ, ಅದರೊಳಗೆ ಮೋಡ. ಅತ್ತಿಗೆ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡೇ ಕೇಳಿಸಿಕೊಂಡರು. ಆಮೇಲೆ, “ಹಂಗಾದ್ರೆ ಕಲಿಯೋಕೂ ಆಯ್ತದೇನೋ,” ಅಂದರು.

ಆ ಬೇಸಿಗೆಯ ಸಂಜೆಗಳಲ್ಲಿ ಅವರು ನನ್ನನ್ನು ಕಡವಿಗೆ ಕರೆದುಕೊಂಡು ಹೋಗತೊಡಗಿದರು. ನೀರಿಗಿಳಿದ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಆಲದ ಬೇರಿನ ಮೇಲೆ ಕೂತು, ಆಚೆ ದಡದವರನ್ನು ತೋರಿಸಿ ಕೇಳುತ್ತಿದ್ದರು.

“ಆ ಮನುಷ್ಯ ಈಗ ಏನ್ ಮಾಡ್ತಾನೆ ಹೇಳು.”

“ತೋಣಿ ಕರೀತಾನೆ.”

ಆ ಮನುಷ್ಯ ಬಾಗಿ ಕಾಲು ತೊಳೆದು ಹೊರಟುಹೋದ.

“ಸರಿ, ಆ ಅಜ್ಜಿ?”

“ನೀವೇ ಹೇಳಿ.”

“ಅಜ್ಜಿ ತೋಣಿ ಹತ್ತೋಳೇ. ಚೀಲ ನೋಡು, ಈ ಕಡೆ ಮಗಳ ಮನೆಗೆ ಹೊರಟವಳೇ.”

ನಮ್ಮ ಹತ್ತಿರ ತೋಣಿಗೆ ಒರಗಿ ನಿಂತಿದ್ದ ಆ ಹಳೆಯ ತೋಣಿಯವನು ಬೀಡಿ ಬಾಯಿಂದ ತೆಗೆದು ಹೇಳಿದ: “ಆ ಅಜ್ಜಿ ಹತ್ತೋಕಿಲ್ಲ. ದಿನಾ ಬಂದು ನೀರು ನೋಡ್ಕಂಡು ಹೋಯ್ತದೆ.”

ಅಜ್ಜಿ ಚೀಲವನ್ನು ಕೆಳಗಿಟ್ಟು ಅದರ ಮೇಲೆಯೇ ಕೂತಳು, ಹೊಳೆ ನೋಡುತ್ತಾ. ನನಗೆ ಆಶ್ಚರ್ಯವಾಯಿತು. ಅತ್ತಿಗೆಗೂ ತಪ್ಪುತ್ತದೆ! ಎಲ್ಲರಿಗೂ ಎಲ್ಲರ ಮನಸ್ಸೂ ತಿಳಿಯುತ್ತದೆ, ನನಗೊಬ್ಬಳಿಗೇ ತಿಳಿಯುವುದಿಲ್ಲ ಅಂತ ನಂಬಿಕೊಂಡಿದ್ದೆ.

“ನಿಮಗೆ ಗೊತ್ತಾಗದಿದ್ದಾಗ ಏನು ಮಾಡ್ತೀರಿ?” ಅಂತ ಕೇಳಿದೆ.

“ಏನ್ ಮಾಡ್ತೀನಿ, ಕೇಳ್ತೀನಿ. ಬಾಯಿ ಅದಲ್ಲ.”

ಅಂದಿನಿಂದ ನಾನೂ ಕೇಳಲು ಶುರು ಮಾಡಿದೆ. ಅಮ್ಮ ಸುಮ್ಮನಿದ್ದರೆ, “ಅಮ್ಮ, ಸಿಟ್ಟಾ, ಸುಸ್ತಾ?” ಅಂತ ಕೇಳುತ್ತಿದ್ದೆ. ಮೊದಮೊದಲು ಅಮ್ಮನಿಗೆ ಕಿರಿಕಿರಿಯಾಯಿತು. ಬರಬರುತ್ತಾ ಅವರೇ ಅಂಗಳದಿಂದ “ಸುಸ್ತು ಕಣೇ, ಸಿಟ್ಟಲ್ಲ,” ಅಂತ ಹೇಳಿಕೊಂಡೇ ಒಳಗೆ ಬರುತ್ತಿದ್ದರು. ಮನೆಯಲ್ಲಿ ನನಗೋಸ್ಕರ ಎಲ್ಲರೂ ಸ್ವಲ್ಪ ಹೆಚ್ಚು ಮಾತಾಡತೊಡಗಿದರು. ಹೊಲಿಗೆ ಮಿಷನ್ನನ್ನು ಅಣ್ಣ ಕಿಟಕಿಯ ಪಕ್ಕಕ್ಕೆ ಎಳೆದು ಕೊಟ್ಟ. ರವಿಕೆ ಹೊಲಿಯತೊಡಗಿದೆ.

ಹೀಗೆ ಒಂದೆರಡು ವರ್ಷ ಕಳೆದವು. ಅಮ್ಮನ ತವರು ಚೇಕಾಡಿ. ಆ ವರ್ಷ ಅಲ್ಲಿ ನಾಟಿಗೆ ಆಳು ಸಿಗದೆ ನಮ್ಮ ಮನೆಯ ಹೆಂಗಸರೆಲ್ಲ ಹೋದೆವು. ಸುತ್ತ ಕಾಡು, ನಡುವೆ ಬಟ್ಟಲಿನ ಹಾಗೆ ಗದ್ದೆ. ಸಣ್ಣ ಮಳೆ ಬಂದು ಬಂದು ನಿಲ್ಲುತ್ತಿತ್ತು. ಮಾತ್ರೆಯಿಂದ ನನ್ನ ಮೈ ಬೇಗ ಬಳಲುತ್ತದೆ; ಒಂದಷ್ಟು ಹೊತ್ತು ನೆಟ್ಟು ಬದುವಿನ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತೆ.

ಸಾಲಾಗಿ ಬಾಗಿದ ಹೆಂಗಸರು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಅದರಿಂದ ಕೆಲವು ಸಸಿ ಬಿಡಿಸಿ ಕೆಸರಿಗೆ ಒತ್ತಿ ಹಿಂದೆ ಬರುತ್ತಿತ್ತು. ಎಲ್ಲ ಕೈಗಳೂ ಒಂದೇ ಉಸಿರಿನಲ್ಲಿ ಆಡುತ್ತಿದ್ದವು. ನೋಡುತ್ತಾ ನೋಡುತ್ತಾ ನನಗೆ ತೂಕಡಿಕೆಯ ಹಾಗಾಯಿತು. ಮಡಿಲಲ್ಲಿದ್ದ ನನ್ನ ಬೆರಳುಗಳೂ ಒಳಗೊಳಗೇ ಬಿಡಿಸುತ್ತಿವೆ, ಒತ್ತುತ್ತಿವೆ ಅನ್ನಿಸಿತು. ಆಗ ನನ್ನ ಬಲಗೈ ಎಲ್ಲೋ ಎಡವಿತು. ಹೆಬ್ಬೆರಳು, ಅದರ ಪಕ್ಕದ ಬೆರಳು ನನ್ನವಲ್ಲ ಅನ್ನುವ ಹಾಗೆ ಮರಗಟ್ಟಿದವು. ಕಣ್ಣು ಪೂರ್ತಿ ತೆರೆದು ನೋಡಿದರೆ, ನಾನು ನೋಡುತ್ತಿದ್ದದ್ದು ಅತ್ತಿಗೆಯನ್ನು. ಅವರು ಸಸಿಯನ್ನು ಬೆರಳ ತುದಿಯಿಂದ ಬಿಡಿಸುತ್ತಿರಲಿಲ್ಲ. ಇಡೀ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಒತ್ತಿದ ಸಸಿ ವಾಲುತ್ತಿತ್ತು. ಯಾರೂ ನೋಡದಾಗ ಕೈ ಕೊಡವುತ್ತಿದ್ದರು.

ಊಟದ ಹೊತ್ತಿಗೆ ಕೇಳಿದೆ. “ಅತ್ತಿಗೆ, ನಿಮ್ಮ ಬಲಗೈಗೆ ಏನಾಗಿದೆ?”

“ಏನಿಲ್ಲ ಕೂಸೇ. ಕೈಗೆ ಏನಾಯ್ತದೆ?” ಅಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಕೇಳಿದ್ದೆ, ಉತ್ತರವೂ ಸಿಕ್ಕಿತ್ತು. ಅವರೇ ಕಲಿಸಿದ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗೆ ಬಂದ ಮೇಲೂ ನನಗೆ ಅದೇ ಕಾಣುತ್ತಿತ್ತು. ಹಾಲಿನ ಪಾತ್ರೆ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ರವಿಕೆಯ ಹುಕ್ಕು ಹಾಕಿಕೊಳ್ಳುವಾಗ ತಡವರಿಸುತ್ತಾರೆ. ಪ್ರತಿ ಸಲ ನನ್ನ ಬೆರಳು ಜೋಮು ಹಿಡಿದಂತಾಗುತ್ತಿತ್ತು. ಅದೆಲ್ಲ ಇತ್ತೋ, ನಾನೇ ಕಟ್ಟಿಕೊಳ್ಳುತ್ತಿದ್ದೆನೋ! ಮತ್ತೆ ಒಬ್ಬರ ಕೈ ನನಗೆ ಏನೋ ಹೇಳುತ್ತಿದೆ. ಈ ದಾರಿ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಹೊಲಿಗೆ ನಿಲ್ಲಿಸಿದೆ. ಅತ್ತಿಗೆ ಬಂದರೆ ಗೋಡೆ ಕಡೆ ಮುಖ ಮಾಡಿಕೊಂಡು ಕೂರುತ್ತಿದ್ದೆ.

ಅತ್ತಿಗೆಯೇ ಒಂದು ಮಧ್ಯಾಹ್ನ ಬಂದು ಎದುರಿಗೆ ಕೂತರು. “ಯಾಕೆ ಕೂಸೇ ನನ್ನ ಮೇಲೆ ಸಿಟ್ಟು?”

“ಸಿಟ್ಟಲ್ಲ, ಹೆದರಿಕೆ,” ಅಂದೆ. ಅಳು ಬಂತು. “ನಿಮ್ಮ ಕೈ ನೋಡಿದ್ರೆ ನನ್ನ ಕೈ ಜೋಮು ಹಿಡಿಯುತ್ತೆ. ನಿಮಗೆ ಏನೋ ಆಗಿದೆ ಅಂತ ಕಾಣುತ್ತೆ. ನೀವು ಏನಿಲ್ಲ ಅಂದ್ರಿ. ಏನಿಲ್ಲ ಅಂದ್ರೆ ನನಗೆ ಕಾಯಿಲೆ ಮತ್ತೆ ಶುರುವಾಗಿದೆ. ಅಣ್ಣನಿಗೆ ಹೇಳಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿ. ಮಾತ್ರೆ ಜಾಸ್ತಿ ಮಾಡಿಸಬೇಕು.”

ಹೊರಗೆ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಅತ್ತಿಗೆ ತಮ್ಮ ಬಲಗೈಯನ್ನು ನನ್ನ ಮಡಿಲಲ್ಲಿಟ್ಟರು.

“ನಿಂಗೇನೂ ಶುರುವಾಗಿಲ್ಲ. ನೀ ನೋಡಿದ್ದು ದಿಟ.”

ಕಳೆದ ಚಳಿಗಾಲದಿಂದಲೇ ಬೆರಳುಗಳು ಸತ್ತುಹೋದ ಹಾಗಾಗುತ್ತಿದ್ದವಂತೆ. ಅವರ ತಂದೆ ಕೊನೆಗಾಲದಲ್ಲಿ ಒಂದು ಕಡೆ ಕೈಕಾಲು ಬಿದ್ದು ಮಲಗಿದ್ದರು. ತನಗೂ ಅದೇ ಬಂತು ಅಂತ ಹೆದರಿ, ಹೇಳಿದರೆ ನಿಜವಾಗಿಬಿಡುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ. ಜೊತೆಯಲ್ಲಿ ಮಲಗುವ ಅಣ್ಣನಿಗೂ ಗೊತ್ತಿರಲಿಲ್ಲ.

“ನಿಂಗೆ ಸುಳ್ಳು ಹೇಳ್ಬಾರ್ದಿತ್ತು,” ಅಂದರು. “ಬೇರೆ ಯಾರಿಗೆ ಹೇಳಿದ್ರೂ ಬರೀ ಸುಳ್ಳು ಆಗ್ತಿತ್ತು. ನಿಂಗೆ ಹೇಳಿದ್ರೆ ನಿನ್ನ ತಲೇನೇ ಕೆಡ್ತದೆ ಅಂತ ನಂಗೆ ಹೊಳೀಲಿಲ್ಲ.”

ನಾನು ಆ ಕೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿದೆ. ಗೊತ್ತಾಗ್ತಿದೆಯಾ, ಇದು ಗೊತ್ತಾಗ್ತಿದೆಯಾ ಅಂತ ಕೇಳುತ್ತಾ ಹೋದೆ. ಕಿರುಬೆರಳಿಗೆ ಬಂದಾಗ ಗೊತ್ತಾಗ್ತಿದೆ ಅಂದರು.

ಡಾಕ್ಟರು ಮಣಿಕಟ್ಟಿಗೆ ತಟ್ಟಿ, ಕರೆಂಟು ಹಾಯಿಸುವ ಒಂದು ಪರೀಕ್ಷೆ ಮಾಡಿಸಿ, ತಂದೆಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು. ಮಣಿಕಟ್ಟಿನಲ್ಲಿ ನರವೊಂದು ಒತ್ತಿಕೊಂಡಿತ್ತು. ಇನ್ನೂ ತಡ ಮಾಡಿದ್ದರೆ ಹೆಬ್ಬೆರಳಿನ ಬಲ ಹೋಗುತ್ತಿತ್ತಂತೆ. ಸಣ್ಣ ಆಪರೇಷನ್ ಆಯಿತು. ಅಣ್ಣ ಆಸ್ಪತ್ರೆಯ ವರಾಂಡದಲ್ಲಿ ಕೂತು, “ನನಗೆ ಯಾಕೆ ಕಾಣಲಿಲ್ಲ?” ಅಂತ ಕೇಳಿದ. ನನ್ನನ್ನೋ, ತನ್ನನ್ನೋ ತಿಳಿಯಲಿಲ್ಲ. ಕೇಳಿದೆ. “ನಿನ್ನನ್ನೇ,” ಅಂದ.

ನನ್ನ ಸರದಿಗೆ ಆಸ್ಪತ್ರೆಗೆ ಹೋದಾಗ ಆ ಟೋಪಿಯ ಹುಡುಗಿಗೆ ಇದನ್ನು ಹೇಳಿದೆ. ಇದು ನಿಮ್ಮ ಅಲೆಯಿಂದಲೇ ಆದದ್ದೇ ಅಂತ ಕೇಳಿದೆ. ಅವಳು ಯೋಚಿಸಿ, “ಹೇಳೋಕೆ ಬರೋಲ್ಲ ಚೇಚಿ,” ಅಂದಳು. “ಆ ಕೈಯನ್ನು ನೀವು ವರ್ಷಗಟ್ಟಲೆ ನೋಡಿದ್ದೀರಿ. ಪರದೆ ಮೇಲಿನ ಕೈಯನ್ನು ಒಂದೇ ದಿನ ನೋಡಿದ್ದು.” ಆಮೇಲೆ ಅತ್ತಿಗೆ ಹೇಗಿದ್ದಾರೆ ಅಂತ ವಿಚಾರಿಸಿದಳು.

ನಾನು ಈಗಲೂ ಮಾತ್ರೆ ನುಂಗುತ್ತೇನೆ. ನಿದ್ದೆಗೆಟ್ಟ ದಿನಗಳಲ್ಲಿ ಈಗಲೂ ಯಾರದ್ದೋ ಕೈ ನನ್ನ ಕಡೆ ತಿರುಗುತ್ತದೆ, ಗಾಳಿಯಲ್ಲಿ ಆ ತೊಳೆದಿಟ್ಟ ಬೆಳಕು ಬರುತ್ತದೆ. ಆಗ ಹತ್ತಿರ ಇದ್ದವರನ್ನು ಕೇಳುತ್ತೇನೆ. ಎಲ್ಲ ಸಲವೂ ಅವರ ಮಾತಿನಿಂದ ಸಮಾಧಾನವಾಗುತ್ತದೆ ಅಂತಿಲ್ಲ. ಕೆಲವು ಸಲ ಸುಮ್ಮನೆ ಮಲಗಿ ಅದು ದಾಟಿಹೋಗಲಿ ಅಂತ ಕಾಯುತ್ತೇನೆ. ದಾಟಿಹೋಗುತ್ತದೆ.

ಅತ್ತಿಗೆಯ ಕೈಯ ಪಟ್ಟಿ ಬಿಚ್ಚುವವರೆಗೆ ಅಡುಗೆ ನನ್ನದಾಗಿತ್ತು. ಪಟ್ಟಿ ಬಿಚ್ಚಿದ ಮರುದಿನ ಅವರು ಯಾರ ಮಾತೂ ಕೇಳದೆ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟಿದರು. ಹೆಬ್ಬೆರಳಿನ ಬಲ ಇನ್ನೂ ಪೂರ್ತಿ ಬಂದಿರಲಿಲ್ಲ, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ತೆಳುವಾದ ಕಡೆ ಸೀದಿತ್ತು. ಅಮ್ಮ ಉಪ್ಪು ಸಾಲದು ಅಂದರು. ಅಣ್ಣ ಇನ್ನೊಂದು ಹಾಕು ಅಂದ. ನಾನು ಸೀದ ಅಂಚನ್ನು ಮುರಿದು ಚಟ್ನಿಗೆ ಅದ್ದಿ ತಿಂದೆ. ಬಿಸಿ ಇತ್ತು, ಚೆನ್ನಾಗಿತ್ತು.